ಹದಿನಾಲ್ಕರಿಂದ ಕಳೆದ ಮೇಲೆ ನಿಲ್ಲಬೇಡಿ

ಪಿಎಚ್ ಕೊಟ್ಟು ಹೈಡ್ರಾಕ್ಸೈಡ್ ಅಯಾನಿನ ಸಾರತೆ ಕೇಳಿದರೆ ಗಾಬರಿ ಬೇಡ. ಮೊದಲು 14ರಿಂದ ಪಿಎಚ್ ಕಳೆಯಿರಿ; ಸಿಗುವುದು ಪಿಒಎಚ್. ಎಷ್ಟೋ ಮಕ್ಕಳು ಇದನ್ನೇ ಉತ್ತರವೆಂದು ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಕೈಗೆ ಬಂದ ಅಂಕ ಹೋಗುವುದು ನೋಡಿದರೆ ಸಂಕಟವಾಗುತ್ತದೆ.

ಸಾಬೂನಿನ ನೀರಿನ ಪಿಎಚ್ 9.6 ಎನ್ನಿ. 14ರಿಂದ ಕಳೆದರೆ 4.4. ಈಗ −4.4ರ ಆಂಟಿಲಾಗ್ ಬೇಕು. ಲಾಗ್ ಕೋಷ್ಟಕದಲ್ಲಿ ಋಣ ದಶಮಾಂಶ ಇರುವುದಿಲ್ಲ, ಎಡವುವುದೇ ಇಲ್ಲಿ. ಅದನ್ನು −5 + 0.6 ಎಂದು ಒಡೆದುಕೊಳ್ಳಿ. 0.6ರ ಆಂಟಿಲಾಗ್ 3.98. ಹಾಗಾಗಿ ಉತ್ತರ ಲೀಟರಿಗೆ 3.98 × 10⁻⁵ ಮೋಲ್. ಏಕಮಾನ ಬರೆಯುವುದನ್ನು ಮರೆಯಬೇಡಿ.

ಬರೆದದ್ದನ್ನು ಒಮ್ಮೆ ತಾಳೆ ನೋಡಿ. ದ್ರಾವಣ ಪ್ರತ್ಯಾಮ್ಲೀಯವಾದರೆ ಉತ್ತರ 10⁻⁷ಕ್ಕಿಂತ ದೊಡ್ಡದಿರಲೇಬೇಕು. ಚಿಕ್ಕದು ಬಂದಿದ್ದರೆ ನೀವು ಹೈಡ್ರೋಜನ್ ಅಯಾನಿನ ಲೆಕ್ಕ ಮಾಡಿರುತ್ತೀರಿ.

ಅಂದ ಹಾಗೆ, ಆ 14 ಸಲ್ಲುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನೀರು ಬಿಸಿಯಾದಂತೆ ಅದು ಇಳಿಯುತ್ತದೆ. 60 ಡಿಗ್ರಿಯಲ್ಲಿ ಸುಮಾರು 13. ಪ್ರಶ್ನೆಯಲ್ಲಿ ಬೇರೆ ತಾಪಮಾನದ ಅಯಾನಿಕ ಗುಣಲಬ್ಧ ಕೊಟ್ಟಿದ್ದರೆ ಅದನ್ನೇ ಬಳಸಿ.