ಎದೆ ಸೀಳದೆ ಗುಂಡಿಗೆಯ ಕವಾಟ ಬದಲಿಸುವ ಬಗೆ



ಪಂಪಿನ ಫುಟ್‌ವಾಲ್ವ್ ನೀರನ್ನು ಮೇಲಕ್ಕೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ನಮ್ಮ ಗುಂಡಿಗೆಯಲ್ಲಿಯೂ ಇಂಥ ನಾಲ್ಕು ಕವಾಟಗಳಿವೆ. ಮೈಗೆಲ್ಲ ರಕ್ತ ಹೊರಡುವ ಬಾಗಿಲಲ್ಲಿರುವುದು ಮಹಾಧಮನಿಯ ಕವಾಟ. ಮುಪ್ಪಿನಲ್ಲಿ ಕೆಲವರಿಗೆ ಇದರ ಎಸಳುಗಳ ಮೇಲೆ ಸುಣ್ಣದ ಅಂಶ ಕಟ್ಟಿ ಅವು ಪೆಡಸಾಗುತ್ತವೆ, ಪೂರ್ತಿ ತೆರೆಯುವುದಿಲ್ಲ. ಗುಂಡಿಗೆ ದುಡಿದು ದುಡಿದು ಸೋಲುತ್ತದೆ.

ಲಕ್ಷಣಗಳು: ದಿಣ್ಣೆ ಹತ್ತಿದರೆ ಏದುಸಿರು, ಎದೆನೋವು, ಕೆಲಸದ ನಡುವೆ ತಲೆಸುತ್ತಿ ಬೀಳುವುದು. “ವಯಸ್ಸಾಯಿತು, ಇನ್ನೇನು” ಎಂದು ಸುಮ್ಮನಿರಬೇಡಿರಿ. ಪೆಡಸಾದ ಕವಾಟವನ್ನು ಯಾವ ಮಾತ್ರೆಯೂ, ಕಷಾಯವೂ ಸಡಿಲಿಸಲಾರದು.

ಹಿಂದಿನ ಬಗೆ: ಫುಟ್‌ವಾಲ್ವ್ ಕೆಟ್ಟರೆ ಕೊಳವೆಯನ್ನೆಲ್ಲ ಮೇಲೆಳೆದು ಬಿಚ್ಚುತ್ತೇವಲ್ಲವೆ? ಹಾಗೆಯೇ ಎದೆಯ ಎಲುಬು ಕೊಯ್ದು, ಗುಂಡಿಗೆಯನ್ನು ನಿಲ್ಲಿಸಿ, ಯಂತ್ರದಿಂದ ರಕ್ತ ಓಡಿಸುತ್ತ ಕವಾಟ ಬದಲಿಸುತ್ತಿದ್ದರು. ನಿತ್ರಾಣರಾದ ವೃದ್ಧರು ಇದನ್ನು ತಾಳಲಾರರು.

ಹೊಸ ಬಗೆ: 2002ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ರೂಆನ್ ಪಟ್ಟಣದ ವೈದ್ಯ ಅಲೇನ್ ಕ್ರಿಬಿಯೇ ಅವರು ಅಂಥ ಒಬ್ಬ ರೋಗಿಗೆ ತೊಡೆಯ ರಕ್ತನಾಳದ ಮೂಲಕ ಹೊಸ ಕವಾಟ ಕೂಡಿಸಿದರು. ಲೋಹದ ಬಲೆಗೆ ಪ್ರಾಣಿಯ ಗುಂಡಿಗೆಯ ಹೊರಪೊರೆ ಹೊಲಿದು ಇದನ್ನು ಮಾಡುತ್ತಾರೆ. ಮಡಿಚಿದ ಕವಾಟವನ್ನು ತೆಳು ನಳಿಕೆಯ ತುದಿಯಲ್ಲಿಟ್ಟು, ಎಕ್ಸ್‌ರೇಯಲ್ಲಿ ನೋಡುತ್ತ ಗುಂಡಿಗೆಗೆ ಒಯ್ಯುತ್ತಾರೆ. ಹಳೆಯ ಕವಾಟದೊಳಗೇ ಕೊಡೆಯಂತೆ ಅರಳಿಸುತ್ತಾರೆ. ಹಳೆಯದು ಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಬಹಳ ಮಂದಿ ಕೆಲವೇ ದಿನಗಳಲ್ಲಿ ಮನೆ ಸೇರುತ್ತಾರೆ.

ಫಲ: ಶಸ್ತ್ರಕ್ರಿಯೆ ತಾಳಲಾರದವರನ್ನು ಕುರಿತ ಪರೀಕ್ಷೆಯೊಂದರ ವರದಿ 2010ರಲ್ಲಿ ಬಂದಿತು. ಹೊಸ ಕವಾಟ ಕೂಡಿಸದವರಲ್ಲಿ ವರ್ಷದೊಳಗೆ ನೂರಕ್ಕೆ ಸುಮಾರು 50 ಮಂದಿ ತೀರಿಕೊಂಡರು. ಕೂಡಿಸಿದವರಲ್ಲಿ ಸುಮಾರು 30 ಮಂದಿ. ಉಳಿದ ಆ 20 ಜೀವಗಳೇ ಇದರ ಬೆಲೆ.

ಎಚ್ಚರ: ಇದು ಎಲ್ಲರಿಗೂ ಒಗ್ಗುವುದಿಲ್ಲ. ಪ್ರಾಯದವರಿಗೆ, ಕವಾಟಕ್ಕೆ ಸೋಂಕು ತಗುಲಿದವರಿಗೆ ಇಂದಿಗೂ ಸಾಮಾನ್ಯವಾಗಿ ಶಸ್ತ್ರಕ್ರಿಯೆಯೇ ದಾರಿ. ಹೊಸ ಬಗೆಯಲ್ಲಿಯೂ ರಕ್ತಸ್ರಾವ, ಪಾರ್ಶ್ವವಾಯುವಿನ ಅಪಾಯವುಂಟು. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ವೆಚ್ಚ ಹಲವು ಲಕ್ಷ ರೂಪಾಯಿ. ಆದ್ದರಿಂದ ಸರ್ಕಾರದ ನೆರವು ಸಿಕ್ಕೀತೇ ಎಂದು ಮೊದಲೇ ವಿಚಾರಿಸಿರಿ.

ತಾವು ಮಾಡಬೇಕಾದ್ದು:

1. ಮನೆಯ ಹಿರಿಯರು ಹೋದ ವರ್ಷ ನಡೆದಷ್ಟು ದೂರ ಈ ವರ್ಷ ನಡೆಯುತ್ತಾರೆಯೇ, ಗಮನಿಸಿರಿ.
2. ಏದುಸಿರು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಕಿವಿಗೊಳವೆ ಇಟ್ಟಾಗ ವೈದ್ಯರಿಗೆ ಗುಂಡಿಗೆಯ ಸದ್ದಿನಲ್ಲಿ ವ್ಯತ್ಯಾಸ ಕೇಳಿಸಬಹುದು.
3. ಅವರು ಹೇಳಿದರೆ ಎಕೋ ಪರೀಕ್ಷೆ ಮಾಡಿಸಿರಿ. ಅದಕ್ಕೆ ಸೂಜಿಯೂ ಇಲ್ಲ, ನೋವೂ ಇಲ್ಲ.

ಪಂಪು ನೀರೆತ್ತದಿದ್ದರೆ ಅಂದೇ ಮೇಸ್ತ್ರಿಯನ್ನು ಕರೆಯುವ ನಾವು, ಹೆತ್ತವರ ಗುಂಡಿಗೆಗಾಗಿ ಸುಗ್ಗಿ ಮುಗಿಯಲೆಂದು ಕಾಯುವುದು ತರವಲ್ಲ.