ಮಾತ್ರೆಗೆ ಮುಂಚಿನ ರಿಪೋರ್ಟು

ಸೋರಿಯಾಸಿಸ್ ಇದೆಯೆಂದು ಹೇಳುವ ರಕ್ತಪರೀಕ್ಷೆ ಇಲ್ಲ. ಚರ್ಮದ ಡಾಕ್ಟರು ಕಣ್ಣಲ್ಲೇ ಗುರುತಿಸುತ್ತಾರೆ. ಅನುಮಾನ ಬಂದರೆ ಚೂರು ಚರ್ಮ ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆದರೂ ನನ್ನ ಫೈಲಿನ ತುಂಬ ರಕ್ತದ ರಿಪೋರ್ಟುಗಳೇ. ಅವುಗಳಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಸೋರಿಯಾಸಿಸ್‌ಗೆ ಮೆಥೊಟ್ರೆಕ್ಸೇಟ್ ಮಾತ್ರೆ ಶುರುಮಾಡುವ ಮುಂಚಿನದು.

ಅವತ್ತು ಡಾಕ್ಟರಮ್ಮ ಮೊಣಕೈ, ಬೆನ್ನು ನೋಡಿದ ಮೇಲೆ ಟೇಪು ತೆಗೆದು ಸೊಂಟ ಅಳೆದರು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಹುಷಾರಾಗಬೇಕಂತೆ. ನನ್ನದು ದಾಟಿತ್ತು. ಶುಗರ್, ಕೊಲೆಸ್ಟ್ರಾಲ್, ಲಿವರ್ ಪರೀಕ್ಷೆಗೆ ಚೀಟಿ ಬರೆದರು. ಚರ್ಮಕ್ಕೂ ಶುಗರಿಗೂ ಏನು ನಂಟು ಮೇಡಂ, ಎಂದೆ. ಮೈಮೇಲೆ ಹೊಟ್ಟು ಏಳಿಸುವ ಉರಿಯೂತ ಚರ್ಮದಲ್ಲೇ ನಿಲ್ಲುವುದಿಲ್ಲ. ಅದರಲ್ಲಿ ಹುಟ್ಟುವ ಟಿಎನ್‌ಎಫ್‌ನಂಥ ವಸ್ತುಗಳು ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತವೆ. ಹೊಟ್ಟೆಯ ಕೊಬ್ಬು ಅವನ್ನೇ ಇನ್ನಷ್ಟು ಸುರಿಸುತ್ತದೆ. ಒಂದಕ್ಕೊಂದು ಕುಮ್ಮಕ್ಕು.

ನೆಂಟರ ವೈದ್ಯ ಬೇರೆ. ಬದನೆಕಾಯಿ ನಂಜು, ಮುಟ್ಟಬೇಡ ಎಂದವರೇ ಎಲ್ಲ. ಎರಡನೇ ಸಲ ಅನ್ನ ಬಡಿಸುವಾಗ, ಸಂಜೆ ಬೆಣ್ಣೆ ಬಿಸ್ಕತ್ತು ಮುಂದಿಡುವಾಗ ಅವರಿಗೆ ಯಾವ ನಂಜೂ ನೆನಪಾಗಲಿಲ್ಲ.

ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಗುರುತು ಹಾಕಿದ್ದೆ. ಚರ್ಮ ತಿಳಿಯಾಯಿತು. ಆದರೆ ಲಿವರ್ ಪರೀಕ್ಷೆಯಲ್ಲಿ ಎಸ್‌ಜಿಪಿಟಿ ಮಿತಿ ದಾಟಿ 58 ಬಂತು. ಮನೆಯವರೆಲ್ಲ ಮಾತ್ರೆಯನ್ನೇ ಬೈದರು. ಡಾಕ್ಟರಮ್ಮ ಹಳೆಯ ಹಾಳೆ ಕೇಳಿದರು: ಮಾತ್ರೆ ಬಾಯಿಗೆ ಬೀಳುವ ಮೊದಲೇ 55 ಇತ್ತು! ಸ್ಕ್ಯಾನ್ ಮಾಡಿಸಿದರೆ ಫ್ಯಾಟಿ ಲಿವರ್. ಕುಡಿಯದವರಿಗೂ ಬರುತ್ತದೆ, ಸೋರಿಯಾಸಿಸ್ ಇದ್ದವರಲ್ಲಿ ಇನ್ನೂ ಹೆಚ್ಚು. ಅಂಥ ಲಿವರಿಗೆ ಈ ಮಾತ್ರೆ ಹೊರೆಯೆಂದು ಔಷಧಿಯನ್ನೇನೋ ಬದಲಿಸಿದರು. ಆದರೆ ಹಳೆಯ ಹಾಳೆ ಇಲ್ಲದಿದ್ದರೆ ಮಾತ್ರೆ ನಿಲ್ಲಿಸಿ ಎಲ್ಲ ಸರಿಹೋಯಿತೆಂದು ಕೂತಿರುತ್ತಿದ್ದೆವು, ಲಿವರಿನ ಕೊಬ್ಬು ಅಲ್ಲೇ ಇರುತ್ತಿತ್ತು. ಸೋರಿಯಾಸಿಸ್‌ಗೇ ಕೊಡುವ ಇನ್ನೊಂದು ಔಷಧಿ ಅಸಿಟ್ರೆಟಿನ್ ತೆಗೆದುಕೊಳ್ಳುವವರಿಗೂ ಇಂಥದೇ ಗೊಂದಲ: ರಕ್ತದ ಕೊಬ್ಬಾದ ಟ್ರೈಗ್ಲಿಸರೈಡನ್ನು ಆ ಔಷಧಿಯೇ ಏರಿಸಬಲ್ಲದು. ಮೊದಲು ಎಷ್ಟಿತ್ತೆಂದು ಗೊತ್ತಿರಬೇಕು.

ಉರಿಯೂತ ತೋರಿಸುವ ಸಿಆರ್‌ಪಿ ಹಿಂದೆ ನಾನು ಬೀಳುವುದಿಲ್ಲ. ಜ್ವರ ಬಂದರೂ ಏರುವ ಅಂಕಿ ಅದು. ನಾನು ಮೊದಲು ಹುಡುಕುವುದು ಎಚ್‌ಬಿಎ1ಸಿ ಸಾಲನ್ನು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ ಅಲ್ಲಿ ಸಿಗುತ್ತದೆ. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಮೈಮೇಲೆ ಒಂದೂ ಚಕ್ಕೆ ಇಲ್ಲದ ತಿಂಗಳಲ್ಲೂ ನನ್ನದು 6.1. ಚರ್ಮ ವಾಸಿಯಾಯಿತೆಂದು ಅದೇನೂ ತಾನಾಗಿ ಇಳಿಯಲಿಲ್ಲ. ಅನ್ನ ಕಡಿಮೆ ಮಾಡಿ, ರಾತ್ರಿ ಊಟವಾದ ಮೇಲೆ ನಡೆಯಲು ಶುರುಮಾಡಿದ ಮೇಲೆ 5.8ಕ್ಕೆ ಬಂದಿದೆ, ಸೊಂಟ ಇನ್ನೂ 90ರ ಆಚೆಯೇ ಇದೆ.