ಪುಟ ಮಗುಚುವ ಅವಸರ ಬೇಡ

ನೋಡು ಮಗಳೇ, ನಿನ್ನ ಕೂಸಿಗೆ ಈಗ ಕಥೆ ಕೇಳುವ ವಯಸ್ಸು. ಪುಸ್ತಕ ಕೊಂಡು ತರುತ್ತೀಯ, ಮಲಗಿಸುವ ಮುಂಚೆ ಓದಿಯೂ ಹೇಳುತ್ತೀಯ. ಬಹಳ ಸಂತೋಷ. ಒಂದು ಮಾತು ಮಾತ್ರ ಕಿವಿಯಲ್ಲಿಟ್ಟುಕೋ: ಅಕ್ಷರ ಮುಗಿದ ಕೂಡಲೇ ಪುಟ ಮಗುಚಬೇಡ. ಅಕ್ಷರ ಬಾರದ ಮಗು ಓದುವುದು ಚಿತ್ರವನ್ನು. ನಿನ್ನ ಓದು ಮುಗಿದಾಗ ಅವಳದು ಇನ್ನೂ ಅರ್ಧದಲ್ಲಿರುತ್ತದೆ.

ಹಳೆಯ ಚಿತ್ರಪುಸ್ತಕಗಳನ್ನು ನಾನು ಇಷ್ಟು ಮೆಚ್ಚುವುದಕ್ಕೆ ಕಾರಣವೂ ಇದೇ. ಮಾತು ಹೇಳದೆ ಬಿಟ್ಟದ್ದನ್ನು ಅಲ್ಲಿ ಚಿತ್ರ ಹೇಳುತ್ತದೆ. ಇಂಗ್ಲೆಂಡಿನ ರಾಂಡಾಲ್ಫ್ ಕ್ಯಾಲ್ಡೆಕಾಟ್ 1882ರಲ್ಲಿ ‘ಹೇ ಡಿಡ್ಲ್ ಡಿಡ್ಲ್’ ಶಿಶುಗೀತೆಗೆ ಚಿತ್ರ ಬರೆದ. ತಟ್ಟೆಯೂ ಚಮಚವೂ ಓಡಿಹೋಗುವಲ್ಲಿಗೆ ಪದ್ಯ ಮುಗಿಯುತ್ತದೆ. ಕ್ಯಾಲ್ಡೆಕಾಟ್ ಅಲ್ಲಿಗೆ ನಿಲ್ಲಿಸಲಿಲ್ಲ. ಮುಂದಿನ ಚಿತ್ರದಲ್ಲಿ ತಟ್ಟೆ ಒಡೆದು ಚೂರಾಗಿ ಬಿದ್ದಿದೆ. ಚಮಚವನ್ನು ಚಾಕುವೂ ಮುಳ್ಳುಚಮಚವೂ, ಮನೆಯ ಹಿರಿಯರಂತೆ, ನಡುವೆ ಹಿಡಿದು ಕರೆದೊಯ್ಯುತ್ತಿವೆ. ಒಂದು ಸಾಲೂ ಇಲ್ಲದೆ ಪ್ರೇಮ, ಕೋಪ, ದುಃಖ ಎಲ್ಲವೂ ಬಂದುಬಿಟ್ಟವು. ಆಗ ಎಡ್ಮಂಡ್ ಇವಾನ್ಸ್ ಎಂಬ ಮುದ್ರಕ ಒಂದೊಂದು ಬಣ್ಣಕ್ಕೂ ಬೇರೆ ಬೇರೆ ಮರದಚ್ಚು ಕೆತ್ತಿಸಿ ಇವನ್ನು ಅಚ್ಚು ಹಾಕುತ್ತಿದ್ದ. ಬಣ್ಣ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಹಾಗಾಗಿ ಗೆರೆಯೇ ಹೆಚ್ಚಿನ ಕೆಲಸ ಮಾಡಬೇಕಾಗಿತ್ತು.

ಬಿಯಾಟ್ರಿಕ್ಸ್ ಪಾಟರ್‌ಳ ‘ಪೀಟರ್ ರ‍್ಯಾಬಿಟ್’ ಕಥೆ ಹುಟ್ಟಿದ್ದು 1893ರಲ್ಲಿ, ಕಾಯಿಲೆ ಮಲಗಿದ್ದ ಒಬ್ಬ ಪುಟ್ಟ ಹುಡುಗನಿಗೆ ಆಕೆ ಬರೆದ ಸಚಿತ್ರ ಕಾಗದದಲ್ಲಿ. ಪ್ರಕಾಶಕರು ಒಪ್ಪದಿದ್ದಾಗ 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದಳು. ಬಣ್ಣದ ಪುಸ್ತಕವಾಗಿ ಹೊರಬಂದದ್ದು 1902ರಲ್ಲಿ. ಮಗುವಿನ ಕೈಗೆ ಒಗ್ಗಲಿ ಎಂದು ಪುಸ್ತಕದ ಅಳತೆಯನ್ನೇ ಚಿಕ್ಕದು ಮಾಡಿಸಿದಳು. ಪೀಟರ್ ಎಂಬ ಮೊಲಕ್ಕೆ ನೀಲಿ ಕೋಟು ತೊಡಿಸಿದ್ದಾಳೆ, ನಿಜ. ಆದರೆ ಕೋಟಿನೊಳಗಿನ ಮೈ, ಕಾಲು, ಕಿವಿ ಎಲ್ಲ ಅಪ್ಪಟ ಮೊಲದ್ದೇ. ಸಾಕಿದ ಮೊಲವನ್ನು ಎದುರಿಗಿಟ್ಟುಕೊಂಡು ಬರೆದ ಕೈ ಅದು. ಪೀಟರ್ ಮೂಲಂಗಿ ತಿನ್ನುವಾಗ ಹತ್ತಿರದಲ್ಲೇ ಒಂದು ರಾಬಿನ್ ಹಕ್ಕಿ ಕೂತಿದೆ. ಅವನ ಬೂಟು ಎಲೆಕೋಸಿನ ನಡುವೆ ಕಳೆದುಹೋದಾಗಲೂ ಅದನ್ನು ನೋಡುತ್ತಿರುವುದು ಅದೇ ಜಾತಿಯ ಹಕ್ಕಿ. ಕಥೆಯ ಮಾತಿನಲ್ಲಿ ಆ ಹಕ್ಕಿಯ ಸುದ್ದಿಯೇ ಇಲ್ಲ. ಅದನ್ನು ಮೊದಲು ಕಂಡುಹಿಡಿಯುವವಳು ನಿನ್ನ ಮಗಳೇ, ನೀನಲ್ಲ.

ನಮ್ಮ ಕಡೆಗೆ ಬಂದರೆ ‘ಚಂದಮಾಮ’ ಇತ್ತು. ನಾಗಿರೆಡ್ಡಿ, ಚಕ್ರಪಾಣಿಯವರು 1947ರಲ್ಲಿ ಮದರಾಸಿನಲ್ಲಿ ಶುರುಮಾಡಿದ ಈ ಪತ್ರಿಕೆ 1949ರಲ್ಲಿ ಕನ್ನಡಕ್ಕೂ ಬಂತು. ಮುಖಪುಟಕ್ಕೆ ಕನ್ನಡಿಗರಾದ ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರಗಳನ್ನು ಎಷ್ಟೋ ಮನೆಗಳಲ್ಲಿ ಜೋಪಾನ ಮಾಡಿಟ್ಟಿದ್ದಾರೆ. 1952ರಲ್ಲಿ ಸೇರಿದ ಶಂಕರ್ ಅವರು ಬೇತಾಳ ಕಥೆಗಳಿಗೆ ಬರೆದ ಚಿತ್ರವಂತೂ ನೋಡಿದವರ ಕಣ್ಣಲ್ಲಿ ಉಳಿದುಬಿಟ್ಟಿದೆ: ಹೆಗಲ ಮೇಲೆ ಹೆಣ, ಕೈಯಲ್ಲಿ ಕತ್ತಿ, ಅಳುಕದೆ ನಡೆಯುವ ವಿಕ್ರಮ. ಮಗುವಿಗೆ ಭಯವೂ ಆಗುತ್ತದೆ, ರಾಜನ ನಡಿಗೆ ಕಂಡು ಧೈರ್ಯವೂ ಬರುತ್ತದೆ. ಕಂಬ, ಕಿರೀಟ, ಪಂಚೆಯ ನೆರಿಗೆ ಒಂದನ್ನೂ ಈ ಕಲಾವಿದರು ತೇಲಿಸಿ ಬರೆದವರಲ್ಲ. ಮಕ್ಕಳದ್ದು ತಾನೇ, ಸಾಕು ಎನ್ನಲಿಲ್ಲ. ಆ ಗೌರವ ಮಗುವಿಗೆ ಗೊತ್ತಾಗುತ್ತದೆ.

ಇನ್ನು ನೀನು ಮಾಡಬೇಕಾದ್ದು. ಪುಸ್ತಕ ತೆರೆದ ಕೂಡಲೇ ‘ಇದು ಏನು, ಇದರ ಬಣ್ಣ ಯಾವುದು’ ಎಂದು ಪರೀಕ್ಷೆ ಮಾಡಬೇಡ. ‘ಇಲ್ಲಿ ಏನಾಗ್ತಿದೆ ಹೇಳು ಪುಟ್ಟಿ’ ಎಂದು ಕೇಳಿ ಸುಮ್ಮನಿರು. ಅವಳು ಹೇಳುವ ಕಥೆ ಪುಸ್ತಕದ ಕಥೆಗಿಂತ ಬೇರೆಯಾದರೆ ತಿದ್ದಲು ಹೋಗಬೇಡ. ಅದೇ ಪುಸ್ತಕವನ್ನು ಮತ್ತೆ ಮತ್ತೆ ತಂದರೆ ಬೇಸರಪಡಬೇಡ. ಹೋದ ಸಲ ಕಾಣದ ಏನೋ ಒಂದು ಅವಳಿಗೆ ಈಗ ಕಂಡಿರುತ್ತದೆ. ಹರಿದೀತೆಂದು ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡ. ಪುಡಿಯಾಗುವಷ್ಟು ಹಳೆಯ ‘ಚಂದಮಾಮ’ ಸಂಚಿಕೆಗಳಾದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀನೇ ಪುಟ ತೆರೆ.

ಹಳೆಯದೆಲ್ಲ ಚೊಕ್ಕ ಚಿನ್ನವೂ ಅಲ್ಲ. ರಾಕ್ಷಸ ಎಂದರೆ ಕಪ್ಪು, ರಾಜಕುಮಾರಿ ಎಂದರೆ ಬಿಳುಪು ಎಂದೇ ಬರೆದ ಚಿತ್ರಗಳು ಬೇಕಾದಷ್ಟಿವೆ. ಅಂಥ ಪುಟ ಬಂದಾಗ ಮುಚ್ಚಿಡಬೇಡ. ಮೈಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ ಎಂದು ಅಲ್ಲೇ ತಿಳಿಯಹೇಳು. ಚಿತ್ರವನ್ನು ಪ್ರೀತಿಸುವುದರ ಜೊತೆಗೆ ಪ್ರಶ್ನಿಸುವುದನ್ನೂ ಅವಳು ಕಲಿಯಲಿ.

ಕ್ಯಾಲ್ಡೆಕಾಟ್, ಪಾಟರ್ ಇಬ್ಬರ ಪುಸ್ತಕಗಳೂ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಫೋನಿನಲ್ಲಿ ತೋರಿಸುವ ಬದಲು ಮುದ್ರಿಸಿ ಹೊಲಿದು ಕೊಡು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರು ಬಾಲ ಪುಸ್ತಕಾಲಯದ ಸಚಿತ್ರ ಪುಸ್ತಕಗಳು ಕನ್ನಡದಲ್ಲೇ ಬಂದಿವೆ, ಬೆಲೆಯೂ ಕೈಗೆಟಕುವಂಥದ್ದು. ಹಳೆಯ ಪುಸ್ತಕದಂಗಡಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಹೋಗು. ರಾಶಿ ಪುಸ್ತಕ ಬೇಡ. ಮನಸ್ಸಿಟ್ಟು ಬರೆದ ಚಿತ್ರಗಳಿರುವ ನಾಲ್ಕೇ ಪುಸ್ತಕ ಸಾಕು, ಅವನ್ನು ಅವಳೇ ಆರಿಸಿಕೊಳ್ಳಲಿ.